ದೊಡ್ಡಮ್ಮನ ಹಾಡಿಗೆ ಅನುದಾನ ಯಾಕೆ?

ಕಳೆದ ಸಂಚಿಕೆಯಲ್ಲಿ ಒಂದು ಲೇಖನ ಬಂದಿತ್ತು. ಹಾಡು, ಕಸುಬು, ಹಿರಿಯರ ನೆನಪುಗಳನ್ನು ಊರಿನವರೇ ಸೇರಿ ಉಳಿಸಿಕೊಳ್ಳುವ ಕೆಲಸಕ್ಕೆ ಅನುದಾನ ಸಿಗಬೇಕು ಎಂಬುದು ಅದರ ವಾದ. ಅದನ್ನೋದಿ ಓದುಗರೊಬ್ಬರು ಬರೆದಿದ್ದಾರೆ: “ಆಸ್ಪತ್ರೆಯಲ್ಲಿ ಹಾಸಿಗೆಗೇ ಗತಿಯಿಲ್ಲದಿರುವಾಗ ಹಾಡಿಗೆ ಹಣವೇಕೆ? ಜೀವವಿರುವ ಸಂಸ್ಕೃತಿ ತಾನಾಗಿ ಬದುಕುತ್ತದೆ. ದುಡ್ಡು ಬಂದ ಕಡೆ ಜಗಳವೂ ಬರುತ್ತದೆ. ನಮ್ಮ ದೊಡ್ಡಮ್ಮ 91ರಲ್ಲೂ ಹಾಡುತ್ತಾರೆ, ಅವರಿಗೆ ಯಾರು ಅನುದಾನ ಕೊಟ್ಟಿದ್ದರು?”

ದುಡ್ಡು ಬಂದ ಕಡೆ ಜಗಳ ಎಂದಿರಲ್ಲ, ಆ ಮಾತು ನಿಜ. ಅನುದಾನದ ಚೆಕ್ಕು ಕೈಸೇರಿದ ತಿಂಗಳೊಳಗೆ ಎರಡು ಹೋಳಾದ ತಂಡಗಳನ್ನು ನಾನೇ ಕಂಡಿದ್ದೇನೆ. ಆಸ್ಪತ್ರೆಯ ಹಾಸಿಗೆ ಮೊದಲು ಎಂದರೂ ನನ್ನ ತಕರಾರಿಲ್ಲ. ಆದರೆ ಮಿಕ್ಕದ್ದನ್ನು ಒಪ್ಪಲಾರೆ, ಬೇಸರ ಮಾಡಿಕೊಳ್ಳಬೇಡಿ.

ಹಾಸಿಗೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 1930ರ ದಶಕದ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಕೆಲಸ ಕಳೆದುಕೊಂಡವರು ಅನ್ನಕ್ಕಾಗಿ ಸಾಲು ನಿಂತಿದ್ದ ಕಾಲ. ಅಂಥ ಹೊತ್ತಿನಲ್ಲಿ ಅಲ್ಲಿನ ಸರ್ಕಾರ ನಿರುದ್ಯೋಗಿ ಬರಹಗಾರರಿಗೆ ಸಂಬಳ ಕೊಟ್ಟು ಊರೂರಿಗೆ ಕಳಿಸಿತು. 1936ರಿಂದ 1938ರವರೆಗೆ ಅವರು ಒಂದು ಕಾಲಕ್ಕೆ ಗುಲಾಮರಾಗಿದ್ದವರ ಮನೆಬಾಗಿಲಿಗೆ ಹೋಗಿ ಕೂತು 2,300ಕ್ಕೂ ಹೆಚ್ಚು ಜನರ ಬಾಯಿಂದ ಅವರವರ ಕಥೆ ಬರೆದುಕೊಂಡರು. ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ಅದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದವರಿಗೂ ಆಗ ಎಪ್ಪತ್ತು, ಎಂಬತ್ತು ದಾಟಿತ್ತು. ಹೊಟ್ಟೆ ತುಂಬಿದ ಮೇಲೆ ನೋಡೋಣ ಎಂದು ಹತ್ತು ಹದಿನೈದು ವರ್ಷ ಕಾದಿದ್ದರೆ ಕೇಳಲು ಯಾರು ಉಳಿದಿರುತ್ತಿದ್ದರು?

ಅದರಲ್ಲೊಂದು ಕೊರತೆಯೂ ಇತ್ತು. ಪ್ರಶ್ನೆ ಕೇಳಲು ಹೋದವರಲ್ಲಿ ಬಹುಪಾಲು ಬಿಳಿಯರು. ಹಳೆಯ ಯಜಮಾನರ ಜನದ ಮುಂದೆ ಕೂತ ಮುದುಕರು ಎಷ್ಟು ಹೇಳಿದರು, ಎಷ್ಟು ನುಂಗಿಕೊಂಡರು ಎಂದು ವಿದ್ವಾಂಸರು ಇಂದಿಗೂ ತೂಗಿ ನೋಡುತ್ತಿದ್ದಾರೆ. ಹಣ ಹೊರಗಿನವರ ಕೈಗೆ ಹೋಗದೆ ಸಮುದಾಯದ ಕೈಗೇ ಬರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಮನೆಯವರು ಕೇಳಿದಾಗ ಬರುವ ಮಾತೇ ಬೇರೆ. ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು, ನೆರೆಹೊರೆಯ ಹಿರಿಯರನ್ನು ಕೇಳಿ ಕಥೆ, ಗಾದೆ, ಮದ್ದು, ಆಟಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದರು. ಒಟ್ಟು ಸುಮಾರು 7,40,000 ಪುಟ! ಅಷ್ಟು ದೊಡ್ಡ ಭಂಡಾರಕ್ಕೆ ಅಡಿಪಾಯ ಹಾಕಿದ್ದು ಪೆನ್ಸಿಲು ಹಿಡಿದ ಮೊಮ್ಮಕ್ಕಳು.

ಇನ್ನು ‘ತಾನಾಗಿ ಬದುಕುತ್ತದೆ’ ಎಂಬ ಮಾತು. ಐರ್ಲೆಂಡಿಗೂ ಬ್ರಿಟನ್ನಿಗೂ ನಡುವೆ ಮ್ಯಾನ್ ಎಂಬ ದ್ವೀಪವಿದೆ. ಅಲ್ಲಿನ ಮ್ಯಾಂಕ್ಸ್ ಭಾಷೆ ಕೆಲವೇ ಮುದುಕರ ನಾಲಿಗೆಯ ಮೇಲೆ ಉಳಿದಿದ್ದಾಗ, 1948ರಲ್ಲಿ, ಐರ್ಲೆಂಡಿನ ಜಾನಪದ ಆಯೋಗ ಧ್ವನಿಮುದ್ರಣದ ಸಲಕರಣೆ ತುಂಬಿದ ವಾಹನವನ್ನು ಅಲ್ಲಿಗೆ ಕಳಿಸಿತು. ದ್ವೀಪದ ಕೆಲವು ಉತ್ಸಾಹಿಗಳೂ ಬಿಡುವು ಮಾಡಿಕೊಂಡು ಮುದುಕರ ಬಳಿ ಹೋಗಿ ಭಾಷೆ ಕಲಿತರು. ಮ್ಯಾಂಕ್ಸ್ ತಾಯ್ನುಡಿಯಾಗಿದ್ದ ಕೊನೆಯವರೆಂದು ಹೆಸರಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. 2009ರಲ್ಲಿ ಯುನೆಸ್ಕೋ ಆ ಭಾಷೆ ಅಳಿದುಹೋಗಿದೆ ಎಂದು ತನ್ನ ಪಟ್ಟಿಯಲ್ಲಿ ಬರೆಯಿತು. ಅಷ್ಟರಲ್ಲಿ ದ್ವೀಪದಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆಯೊಂದು ನಡೆಯುತ್ತಿತ್ತು. ನಮ್ಮ ಭಾಷೆ ಸತ್ತಿದ್ದರೆ ಈ ಕಾಗದವನ್ನು ನಾವು ಯಾವ ಭಾಷೆಯಲ್ಲಿ ಬರೆಯುತ್ತಿದ್ದೇವೆ ಎಂದು ಆ ಶಾಲೆಯ ಮಕ್ಕಳು ಯುನೆಸ್ಕೋಗೆ ಕೇಳಿದರು. ಯುನೆಸ್ಕೋ ತನ್ನ ಪಟ್ಟಿಯನ್ನು ತಿದ್ದಿಕೊಂಡಿತು. ಇಲ್ಲಿ ಯಾವುದು ತಾನಾಗಿ ಬದುಕಿತು, ಹೇಳಿ? ವಾಹನಕ್ಕೆ ಯಾರೋ ಹಣ ಕೊಟ್ಟಿದ್ದರು. ಮೇಷ್ಟರ ಸಂಬಳವನ್ನೂ ಯಾರೋ ಕೊಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ನಮ್ಮ ಕಚೇರಿಗೆ ಒಂದು ಕ್ಯಾಸೆಟ್ ತಂದರು. ಅವರ ಅಜ್ಜಿಯ ಹಾಡು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಕಟ್ಟಿತ್ತು. ಹತ್ತಿಯಿಂದ ಮೆಲ್ಲಗೆ ಒರೆಸಿ, ಪೆನ್ಸಿಲ್ ತೂರಿಸಿ ಸುತ್ತಿ, ಹೇಗೋ ಓಡಿಸಿದೆವು. ಅಜ್ಜಿ ನಡುವೆ ಹಾಡು ನಿಲ್ಲಿಸಿ “ಓಡ್ತಾ ಇದೆಯೇನೇ ಅದು?” ಎಂದು ಕೇಳುತ್ತಾರೆ, ಕೆಮ್ಮುತ್ತಾರೆ, ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಳ್ಳುತ್ತಾರೆ. ಇದ್ದದ್ದು ನಲವತ್ತು ನಿಮಿಷ. ಅದನ್ನು ಅಕ್ಷರಕ್ಕಿಳಿಸಲು ನಮ್ಮ ಸಹೋದ್ಯೋಗಿಗೆ ಒಂದು ವಾರದ ಸಂಜೆಗಳು ಬೇಕಾದವು. ಆದರೂ ಮೂರು ಪದಗಳ ಅರ್ಥ ಹತ್ತಲಿಲ್ಲ. ಹೇಳಬಲ್ಲವರು ತೀರಿಕೊಂಡಿದ್ದರು.

ನನ್ನ ಸಿಟ್ಟಿರುವುದು ಇಲ್ಲಿ. ಒಂದು ಗಂಟೆಯ ಮಾತನ್ನು ಬರೆದಿಳಿಸಲು ಆರೇಳು ಗಂಟೆ ಬೇಕು. ಹಲ್ಲುದುರಿದ ಬಾಯಿಯ ಮಾತಾದರೆ ಇನ್ನೂ ಹೆಚ್ಚು. ನಾನು ನೋಡಿದ ಅನುದಾನದ ಅರ್ಜಿಗಳಲ್ಲಿ ಕ್ಯಾಮೆರಾಕ್ಕೆ ಕಾಲಂ ಇದೆ, ಉದ್ಘಾಟನೆಗೆ ಇದೆ, ಬ್ಯಾನರಿಗೂ ಇದೆ. ಬರೆದಿಳಿಸುವವರ ಕೂಲಿಗೆ ಇಲ್ಲ. ಕೆಲಸ ಬಿಟ್ಟು ಕಲಿಯಲು ಬಂದು ಕೂರುವ ಹುಡುಗಿಯ ದಿನಗೂಲಿಗೂ ಇಲ್ಲ. ಎಲ್ಲ ಒಂದೇ ವರ್ಷದಲ್ಲಿ ಮುಗಿಯಬೇಕು, ‘ಅಳೆಯಬಹುದಾದ ಫಲಿತಾಂಶ’ ತೋರಿಸಬೇಕು. ಒಂದು ಕೈಕಸುಬು ಕೈಗೆ ಹತ್ತಲು ಎಷ್ಟು ವರ್ಷ ಬೇಕೆಂದು ಫಾರಂ ಅಚ್ಚು ಹಾಕಿಸಿದವರು ಒಬ್ಬ ಕಸುಬುದಾರನನ್ನಾದರೂ ಕೇಳಿದ್ದರೇ? ಜಪಾನ್ 1950ರ ಕಾಯ್ದೆಯಡಿ, ಕಲೆ ಕಸುಬುಗಳನ್ನು ಬಲ್ಲವರನ್ನೇ ಗುರುತಿಸಿ ಗೌರವಿಸುತ್ತದೆ. ಹಾಗೆ ಗುರುತಿಸಿದ ಒಬ್ಬೊಬ್ಬರಿಗೂ ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತದೆ. ತಮ್ಮ ವಿದ್ಯೆಯನ್ನು ಪಳಗಿಸಿಕೊಳ್ಳಲಿ, ಶಿಷ್ಯರನ್ನು ತಯಾರು ಮಾಡಲಿ ಎಂದು. ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವ ಹಣವಲ್ಲ ಅದು, ವರ್ಷ ವರ್ಷವೂ ಬರುವಂಥದು.

ಸಂಗ್ರಹಿಸಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು ನೋವು. ಹಾಡಿದವಳ ಮೊಮ್ಮಗಳು ಅಜ್ಜಿಯ ದನಿ ಕೇಳಲು ಒಂದು ಸಂಸ್ಥೆಗೆ ಅರ್ಜಿ ಹಾಕಿ, ಗುರುತಿನ ಚೀಟಿ ತೋರಿಸಿ, ಎರಡು ತಿಂಗಳು ಕಾದದ್ದನ್ನು ನಾನು ಬಲ್ಲೆ. ಜೀವಂತ ಪರಂಪರೆಯ ರಕ್ಷಣೆಗೆಂದೇ ಯುನೆಸ್ಕೋ 2003ರಲ್ಲಿ ಮಾಡಿದ ಒಪ್ಪಂದದ 15ನೇ ವಿಧಿ, ಪರಂಪರೆಯನ್ನು ಕಟ್ಟಿ ಉಳಿಸಿಕೊಂಡು ಬಂದ ಸಮುದಾಯಗಳು ಅದರ ನಿರ್ವಹಣೆಯಲ್ಲೂ ಪಾಲುದಾರರಾಗಬೇಕು ಎನ್ನುತ್ತದೆ. ಒಂದು ಪ್ರತಿ ಮನೆಗೆ, ಒಂದು ಊರಿನ ಶಾಲೆಗೆ ತಲುಪದಿದ್ದರೆ ಕೊನೆಯ ಕಂತು ಬಿಡುಗಡೆಯಾಗದು ಎಂದು ಷರತ್ತು ಹಾಕಲು ಎಷ್ಟು ಹೊತ್ತು ಬೇಕು?

ನಿಮ್ಮ ದೊಡ್ಡಮ್ಮನಿಗೆ ಯಾರೂ ಅನುದಾನ ಕೊಡಲಿಲ್ಲ, ಸರಿ. ಅವರಿಗೆ ಅವರ ತಾಯಿ ಕಲಿಸಿರಬೇಕು, ಜೊತೆಯಲ್ಲಿ ಹಾಡಲು ಓರಗೆಯವರು ಇದ್ದಿರಬೇಕು. ಈಗ ಅವರ ಪಕ್ಕದಲ್ಲಿ ಕೂತು ಕಲಿಯುತ್ತಿರುವವರು ಯಾರು? ನಿಮ್ಮ ಪತ್ರದಲ್ಲಿ ಅದಿಲ್ಲ. ಬರುವ ಭಾನುವಾರ ಫೋನು ಹಿಡಿದು ಅವರ ಎದುರು ಕೂತುಕೊಳ್ಳಿ. ಒಂದೇ ಒಂದು ಹಾಡನ್ನು ಪೂರ್ತಿ ಹೇಳಿಸಿ, ಪ್ರತಿ ಪದದ ಅರ್ಥ ಕೇಳಿ ಬರೆದುಕೊಳ್ಳಿ. ಎಷ್ಟು ಗಂಟೆ ಹಿಡಿಯಿತೆಂದು ನನಗೆ ಪತ್ರ ಹಾಕಿ. ಹಾಡನ್ನೂ ಪದಗಳ ಅರ್ಥವನ್ನೂ ನಿಮ್ಮ ದೊಡ್ಡಮ್ಮನ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ, ಅವರು ಒಪ್ಪಿದರೆ.

— ಸಂ.