ಮರುದಿನವೇ ಯಾಕೆ ನುಗ್ಗಲಿಲ್ಲ?

ಪ್ರಶ್ನೆ: ಅಮೆರಿಕದ ಮೇಲೆ ಉಗ್ರರ ದಾಳಿ ಆಗಿದ್ದು 2001ರ ಸೆಪ್ಟೆಂಬರ್ 11ರಂದು. ಆ ದಾಳಿಯ ಹಿಂದಿದ್ದ ಬಿನ್ ಲಾಡೆನ್ ನೆಲೆಸಿದ್ದ ಅಫ್ಗಾನಿಸ್ತಾನದ ಮೇಲೆ ಅಮೆರಿಕದ ಬಾಂಬ್ ಬಿದ್ದದ್ದು ಅಕ್ಟೋಬರ್ 7ಕ್ಕೆ. ಅಷ್ಟು ದೊಡ್ಡ ಸೇನೆಗೆ 26 ದಿನ ಯಾಕೆ ಬೇಕಾಯಿತು? ಹೆದರಿದರಾ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಟಿವಿಯಲ್ಲಿ ಮೇಜು ಕುಟ್ಟುವ ‘ರಕ್ಷಣಾ ತಜ್ಞರು’ ಜನರ ತಲೆ ಕೆಡಿಸಿಟ್ಟಿದ್ದಾರೆ. ನುಗ್ಗಬೇಕಿತ್ತಂತೆ. ಎಲ್ಲಿಂದ? ನಕ್ಷೆ ತೆಗೆದು ನೋಡಿ. ಅಫ್ಗಾನಿಸ್ತಾನಕ್ಕೆ ಸಮುದ್ರವೇ ಇಲ್ಲ. ಅರಬ್ಬಿ ಸಮುದ್ರದಲ್ಲಿ ನಿಂತ ಹಡಗಿನಿಂದ ಹಾರುವ ವಿಮಾನ ಪಾಕಿಸ್ತಾನದ ಆಕಾಶ ದಾಟಬೇಕು. ಅದಕ್ಕೆ ಪಾಕಿಸ್ತಾನ ಒಪ್ಪಬೇಕು. ಉತ್ತರದಲ್ಲಿ ಉಜ್ಬೇಕಿಸ್ತಾನ ವಾಯುನೆಲೆ ಬಿಟ್ಟುಕೊಡಬೇಕು. ವಿಮಾನ ಉರುಳಿದರೆ ಪೈಲಟ್‌ನನ್ನು ಎತ್ತಿಕೊಂಡು ಬರುವ ಹೆಲಿಕಾಪ್ಟರ್ ಹತ್ತಿರದಲ್ಲೇ ಇರಬೇಕು. ಇದ್ಯಾವುದೂ ಇಲ್ಲದೆ ವಿಮಾನ ಕಳಿಸಿ ಎನ್ನುವವರಿಗೆ ಬೇರೆಯವರ ಮಕ್ಕಳ ಜೀವದ ಬೆಲೆ ಗೊತ್ತಿಲ್ಲ.

ಆ 26 ದಿನ ಯಾರೂ ಸುಮ್ನೆ ಕೂತಿರಲಿಲ್ಲ. ಸೆಪ್ಟೆಂಬರ್ 26ಕ್ಕೇ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಸಣ್ಣ ತಂಡವೊಂದು ದುಡ್ಡಿನ ಸಮೇತ ಅಫ್ಗಾನಿಸ್ತಾನದ ಪಂಜ್‌ಶೀರ್ ಕಣಿವೆಗೆ ಇಳಿದಿತ್ತು. ಆಗ ದೇಶ ಆಳುತ್ತಿದ್ದ ತಾಲಿಬಾನ್ ವಿರುದ್ಧ ಕಾದಾಡುತ್ತಿದ್ದ ಉತ್ತರ ಒಕ್ಕೂಟದ ನಾಯಕ ಅಹ್ಮದ್ ಶಾ ಮಸೂದ್ ಅವರನ್ನು ಸೆಪ್ಟೆಂಬರ್ 9ರಂದೇ ಉಗ್ರರು ಬಾಂಬ್ ಸಿಡಿಸಿ ಕೊಂದಿದ್ದರು. ಮಸೂದ್ ಪಡೆಯನ್ನು ಚದುರದಂತೆ ಹಿಡಿದಿಡಬೇಕಿತ್ತು. ನನ್ನ ಪ್ರಕಾರ ಕಾರ್ಯಾಚರಣೆ ನಿಜವಾಗಿ ಶುರುವಾಗಿದ್ದು ಅಲ್ಲಿ, ಕ್ಷಿಪಣಿ ಹಾರಿದ ರಾತ್ರಿಯಲ್ಲ.

ಅಕ್ಟೋಬರ್ 7ರ ಆ ರಾತ್ರಿ ಸುಮಾರು 50 ಟೊಮಾಹಾಕ್ ಕ್ಷಿಪಣಿಗಳು ಹಾರಿದವು. ರೇಡಾರ್, ವಿಮಾನ ನಿಲ್ದಾಣ, ತರಬೇತಿ ಶಿಬಿರಗಳಿಗೆ ಪೆಟ್ಟು ಬಿತ್ತು. ಆದರೆ ತಾಲಿಬಾನ್ ಹತ್ತಿರ ಅಂಥ ಗುರಿಗಳೇ ಕಡಿಮೆ. ಕೆಲವೇ ದಿನಗಳಲ್ಲಿ ಮುಗಿದುಹೋದವು. ಒಕ್ಕೂಟದ ಪಡೆಯ ಎದುರಿನ ಕಂದಕಗಳಲ್ಲಿ ತಾಲಿಬಾನ್ ಪಡೆ ಗಟ್ಟಿಯಾಗಿ ಕೂತೇ ಇತ್ತು. ಅಕ್ಟೋಬರ್ 19ರಿಂದ ಅಮೆರಿಕದ ವಿಶೇಷ ಪಡೆಯ ಸಣ್ಣ ತಂಡಗಳು ಇಳಿದು, ಒಕ್ಕೂಟದವರ ಜೊತೆ ನಿಂತು, ಬಾಂಬ್ ಎಲ್ಲಿ ಬೀಳಬೇಕು ಎಂದು ನೆಲದಿಂದಲೇ ತೋರಿಸತೊಡಗಿದವು. ಆಮೇಲೆ ನೋಡಿ, ನವೆಂಬರ್ 9ಕ್ಕೆ ಮಜಾರ್-ಇ-ಶರೀಫ್ ಬಿತ್ತು, 13ಕ್ಕೆ ಕಾಬೂಲ್. ಬಾಂಬ್ ಒಂದೇ ಗೆಲ್ಲಿಸಿತು ಎನ್ನುವವರು ಈ ತಾರೀಕುಗಳನ್ನು ಓದಿಕೊಂಡು ಬರಲಿ.

ಪ್ರಶ್ನೆ: ಅಮೆರಿಕದ ಸೈನಿಕರು ಕುದುರೆ ಏರಿದ್ದು ನಿಜವಾ?

ನಿಜ. ಉತ್ತರದ ಗುಡ್ಡಗಳಲ್ಲಿ ಒಕ್ಕೂಟದ ಸೇನಾ ನಾಯಕ ದೋಸ್ತುಂ ಅವರ ಪಡೆ ಓಡಾಡುತ್ತಿದ್ದುದೇ ಹಾಗೆ.

ಪ್ರಶ್ನೆ: ಬಾಂಬ್ ಜೊತೆ ಆಹಾರದ ಪೊಟ್ಟಣವನ್ನೂ ಹಾಕಿದರಲ್ಲ, ಒಳ್ಳೆಯದಲ್ವಾ?

ಮೊದಲ ರಾತ್ರಿಯೇ ಸುಮಾರು 37,500 ಪೊಟ್ಟಣ ಹಾಕಿದರು. ಪೊಟ್ಟಣದ ಬಣ್ಣ ಹಳದಿ. ಕ್ಲಸ್ಟರ್ ಬಾಂಬ್‌ನಿಂದ ಉದುರಿ ಸಿಡಿಯದೆ ಉಳಿಯುವ ಮರಿ ಬಾಂಬ್‌ಗಳ ಬಣ್ಣವೂ ಹಳದಿ! ಹಸಿದ ಮಗು ಯಾವುದಕ್ಕೆ ಕೈ ಹಾಕಬೇಕು? ಪೊಟ್ಟಣದ ಬಣ್ಣ ಬದಲಿಸುವ ಬುದ್ಧಿ ಬಂದದ್ದು ಆಮೇಲೆ. ಒಳ್ಳೆಯ ಉದ್ದೇಶ ಇತ್ತು ಎಂದು ಇದನ್ನು ಮನ್ನಿಸಲು ನನ್ನಿಂದಾಗದು.

ಪ್ರಶ್ನೆ: ಒಂದೇ ದಾಳಿಯಲ್ಲಿ ಭಯೋತ್ಪಾದನೆ ಮುಗಿಸಬಹುದಾ?

ಇಲ್ಲ. ಬಿನ್ ಲಾಡೆನ್ ಡಿಸೆಂಬರ್‌ನಲ್ಲಿ ಪೂರ್ವ ಅಫ್ಗಾನಿಸ್ತಾನದ ತೋರಾ ಬೋರಾ ಬೆಟ್ಟಗಳಿಂದ ತಪ್ಪಿಸಿಕೊಂಡ. ಸಿಕ್ಕಿದ್ದು 2011ಕ್ಕೆ, ಪಾಕಿಸ್ತಾನದಲ್ಲಿ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದ ಯುದ್ಧದ ವಿಡಿಯೊ ನಂಬಬಹುದಾ?

ವಿಡಿಯೊ ಗೇಮ್ ತುಣುಕುಗಳನ್ನೇ ಯುದ್ಧ ಎಂದು ಹಂಚುವವರಿದ್ದಾರೆ. ಎಲ್ಲಿಯದು, ಯಾವಾಗಿನದು ಎಂದು ಗೊತ್ತಿಲ್ಲದಿದ್ದರೆ ಮುಂದೆ ಕಳಿಸಬೇಡಿ.