ನಡುಗಡ್ಡೆಯಲ್ಲಿ ‘ಸಿಕ್ಕವರು’

ಪತ್ರ: ಕೃಷ್ಣೆಯ ನೆರೆಯ ಬಗ್ಗೆ ನೀವು ಪ್ರಕಟಿಸಿದ ಬರಹಕ್ಕೆ ‘ನಡುಗಡ್ಡೆಯಲ್ಲಿ ಸಿಕ್ಕ ಕುರಿಗಾಹಿಗಳು’ ಎಂಬ ತಲೆಬರಹವಿತ್ತು. ಕಾಣೆಯಾದವರು ಕಡೆಗೂ ಸಿಕ್ಕರಲ್ಲ ಎಂದುಕೊಂಡು ಓದಿದರೆ, ಅವರು ನೀರಿನ ನಡುವೆ ದಾರಿ ಕಾಣದೆ ಕುಳಿತಿದ್ದರು. ಸಿಕ್ಕು, ಸಿಲುಕು, ತೊಡರು, ತೊಡಕು ಇವುಗಳಲ್ಲಿ ವ್ಯತ್ಯಾಸವಿದೆಯೇ, ಇಲ್ಲ ನಾಲಗೆಗೆ ಬಂದದ್ದನ್ನು ಬಳಸಬಹುದೇ?
ಓದುಗರು, ಭಾಗ್ಯನಗರ, ಕೊಪ್ಪಳ

ಸಂಪಾದಕರ ಉತ್ತರ: ತಪ್ಪು ನಮ್ಮದೇ. ಆ ತಲೆಬರಹದಲ್ಲಿ ‘ಸಿಲುಕಿದ’ ಎಂದಿರಬೇಕಿತ್ತು. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ‘ಸಿಕ್ಕು’ ಕನ್ನಡದ ಅತಿ ದುಡಿಯುವ ಕ್ರಿಯಾಪದಗಳಲ್ಲಿ ಒಂದು.

ತುಂಗಭದ್ರೆಯ ಹಿನ್ನೀರಿನಲ್ಲಿ ಬಿಟ್ಟ ಬಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೀನಿನ ತಲೆ ಬಲೆಯ ಕಣ್ಣೊಳಗೆ ತೂರುತ್ತದೆ, ಮೈ ತೂರುವುದಿಲ್ಲ. ಹಿಂದಕ್ಕೆ ಸರಿಯಲು ಹೋದರೆ ದಾರ ಕಿವಿರಿನ ಮುಚ್ಚಳಕ್ಕೆ ಕಚ್ಚಿಕೊಳ್ಳುತ್ತದೆ. ಮೀನಿನ ಕಡೆಯಿಂದ ನೋಡಿದರೆ ಅದು ಬಲೆಗೆ ಸಿಕ್ಕಿತು. ಬಲೆ ಎಳೆಯುವವರ ಕಡೆಯಿಂದ ನೋಡಿದರೆ ಅವರಿಗೆ ಮೀನು ಸಿಕ್ಕಿತು. ನಡೆದದ್ದು ಒಂದೇ. ಒಬ್ಬರ ಬಂಧನ ಇನ್ನೊಬ್ಬರ ಲಾಭ, ಎರಡಕ್ಕೂ ಒಂದೇ ಮಾತು.

ಹಾಗಾದರೆ ಗೊಂದಲ ಯಾಕೆ ದಿನವೂ ಆಗುವುದಿಲ್ಲ? ವಿಭಕ್ತಿ ಕಾಯುತ್ತದೆ. ‘ಅವನಿಗೆ ಬಸ್ಸು ಸಿಕ್ಕಿತು’ ಎಂದರೆ ಊರು ಮುಟ್ಟಿದ; ‘ಅವನು ಬಸ್ಸಿಗೆ ಸಿಕ್ಕ’ ಎಂದರೆ ಆಸ್ಪತ್ರೆಗೆ ಓಡಬೇಕು. ‘ಗೆ’ ಯಾರಿಗೆ ಅಥವಾ ಯಾವುದಕ್ಕೆ ಹತ್ತುತ್ತದೋ ಅತ್ತ ಕಡೆಯದು ಹಿಡಿಯುವ ಕೈ: ಪೊಲೀಸರಿಗೆ ಸಿಕ್ಕ, ಮಳೆಗೆ ಸಿಕ್ಕೆವು, ಗಾಳಿಗೆ ಸಿಕ್ಕ ಎಲೆ. ಆದರೆ ‘ಅಲ್ಲಿ’ ಬಂದ ಕೂಡಲೇ ಈ ಕಾವಲು ತಪ್ಪುತ್ತದೆ. ‘ಸಂತೆಯಲ್ಲಿ ಸಿಕ್ಕಿದ್ದ’ ಎಂದರೆ ಭೇಟಿ, ‘ಮುಳ್ಳಿನಲ್ಲಿ ಸಿಕ್ಕಿದೆ’ ಎಂದರೆ ಸೆರೆ. ನಡುಗಡ್ಡೆ ಎರಡಕ್ಕೂ ಹೊಂದುವ ಜಾಗ, ಅದಕ್ಕೇ ನೀವು ದಾರಿ ತಪ್ಪಿದಿರಿ.

ಇದಕ್ಕೆ ಮದ್ದು ‘ಕೊಳ್ಳು’. ‘ಸಿಕ್ಕಿಕೊಂಡ’ ಎಂದರೆ ಸೆರೆಯ ಅರ್ಥ ಮಾತ್ರ ಉಳಿಯುತ್ತದೆ. ‘ನನಗೆ ಕೆಲಸ ಸಿಕ್ಕಿಕೊಂಡಿತು’ ಎಂದು ಯಾರೂ ಅನ್ನುವುದಿಲ್ಲ. ನಿಮ್ಮೂರಿನ ಮಾತಿನಲ್ಲೂ ‘ಸಿಕ್ಕಾನ’ ಎಂದರೆ ಎರಡೂ ಆಗಬಹುದು, ‘ಸಿಕ್ಕೊಂಡಾನ’ ಎಂದರೆ ಒಂದೇ. ‘ಸಿಗು’ ರೂಪ ಇದಕ್ಕೆ ಎದುರು ದಿಕ್ಕಿನದು: ‘ಇಲ್ಲಿ ಜೋಳ ಸಿಗುತ್ತದೆ’ ಎಂಬಲ್ಲಿ ತೊಡಕಿನ ಸುಳಿವೇ ಇಲ್ಲ. ಪ್ರೇರಣಾರ್ಥಕದ ಕಥೆ ಇನ್ನೂ ಸ್ವಾರಸ್ಯ. ‘ಸಿಕ್ಕಿಸು’ ಎಂದರೆ ಅಂಗಿಯನ್ನು ಮೊಳೆಗೆ ನೇತುಹಾಕುವುದು, ಒಬ್ಬರನ್ನು ಕೇಸಿನಲ್ಲಿ ಸಿಲುಕಿಸುವುದು. ‘ದೊರೆಯುವಂತೆ ಮಾಡು’ ಎಂಬ ಅರ್ಥ ಅದಕ್ಕಿಲ್ಲ; ‘ಅವನಿಗೆ ಕೆಲಸ ಸಿಕ್ಕಿಸಿದೆ’ ಎಂದರೆ ಕಿವಿಗೆ ಒಪ್ಪುವುದಿಲ್ಲ. ಬೇರಿನ ಅರ್ಥ ಹಿಡಿತ, ದೊರೆಯುವುದು ಅದರಿಂದ ಬೆಳೆದ ಕೊಂಬೆ ಎಂದು ನಾವು ನಂಬುವುದು ಇದರಿಂದಲೇ. ನೆರೆಯ ತೆಲುಗು, ತಮಿಳು ಕೂಡ ಅತ್ತಲೇ ಕೈ ತೋರಿಸುತ್ತವೆ. ಬಳ್ಳಾರಿ, ರಾಯಚೂರಿನ ಗಡಿಯಲ್ಲಿ ಕೇಳುವ ತೆಲುಗಿನ ‘ಚಿಕ್ಕು’ವಿಗೆ ತೊಡಕಿನ ಅರ್ಥವೇ ಮುಖ್ಯ, ದೊರೆಯುವುದಕ್ಕೆ ಅವರ ದಿನಬಳಕೆಯ ಮಾತು ‘ದೊರುಕು’, ತಮಿಳರದು ‘ಕಿಡೈ’. ನಮ್ಮ ‘ದೊರಕು’ ಪುಸ್ತಕದ ಮಾತಾಗಿ ಉಳಿದು, ಹೊರೆಯೆಲ್ಲ ‘ಸಿಗು’ವಿನ ಹೆಗಲಿಗೆ ಬಿತ್ತು.

ನಾಮಪದವಾಗಿ ‘ಸಿಕ್ಕು’ ಏನೆಂಬುದನ್ನು ಭಾಗ್ಯನಗರದವರಿಗೆ ಹೇಳಬೇಕಿಲ್ಲ, ಕೂದಲಿನ ಸಿಕ್ಕು ಬಿಡಿಸುವುದು ನಿಮ್ಮೂರಿನ ಉದ್ಯೋಗ. ಉಳಿದ ಓದುಗರಿಗಾಗಿ ಹೇಳುತ್ತೇವೆ. ಬಾಚಿದಾಗ ಉದುರಿ ಉಂಡೆಯಾದ ಕೂದಲು ಅಲ್ಲಿಗೆ ಬರುತ್ತದೆ. ಕೂದಲಿನ ಮೈಮೇಲೆ ಹೆಂಚು ಹೊದಿಸಿದಂತೆ ಸಣ್ಣ ಪೊರೆಗಳಿರುತ್ತವೆ, ಎಲ್ಲದರ ಬಾಯಿಯೂ ತುದಿಯ ಕಡೆಗೆ. ತಲೆಯ ಮೇಲೆ ಎಳೆಗಳೆಲ್ಲ ಒಂದೇ ದಿಕ್ಕಿಗಿರುವುದರಿಂದ ಜಾರುತ್ತವೆ. ಉಂಡೆಯಲ್ಲಿ ಒಂದರ ಬುಡ ಇನ್ನೊಂದರ ತುದಿಗೆ ಬಂದು, ಪೊರೆಗೆ ಪೊರೆ ಕಚ್ಚಿ, ಸಿಕ್ಕಾಗುತ್ತದೆ. ಅದನ್ನು ನಡುವಿನಿಂದ ಜಗ್ಗಿದರೆ ಕುಣಿಕೆಗಳು ಬಿಗಿದು ಕೂದಲು ತುಂಡಾಗುತ್ತದೆ, ಉದ್ದ ಹೋದರೆ ಬೆಲೆಯೂ ಹೋಯಿತು. ಆದ್ದರಿಂದ ಮೊದಲು ಉಂಡೆಯನ್ನು ಕೈಯಿಂದ ಅಗಲಿಸಿ ಸಡಿಲ ಮಾಡಿ, ಅಂಚಿನಿಂದ ಸೂಜಿಯ ಮೊನೆಯಲ್ಲಿ ಎಳೆ ಎಳೆಯಾಗಿ ಹೊರತೆಗೆಯುತ್ತಾರೆ. ಆಮೇಲೆ ನೆಟ್ಟಗೆ ನಿಂತ ಕಬ್ಬಿಣದ ಹಲ್ಲುಗಳ ಹಲಗೆಯ ಮೇಲೆ ಎಳೆದು ಬಾಚಿ, ಇಂಚಿನ ಲೆಕ್ಕದಲ್ಲಿ ಉದ್ದ ವಿಂಗಡಿಸಿ ಕಟ್ಟು ಕಟ್ಟುತ್ತಾರೆ.

ಈ ಕೆಲಸಕ್ಕೆ ‘ಸಿಕ್ಕು ಬಿಡಿಸುವುದು’ ಎನ್ನುತ್ತೇವೆ, ‘ಬಿಚ್ಚುವುದು’ ಎನ್ನುವುದಿಲ್ಲ. ಬಿಚ್ಚುವುದು ಗಂಟನ್ನು. ಗಂಟನ್ನು ಯಾರೋ ಹಾಕಿರುತ್ತಾರೆ, ಅದರ ತುದಿ ಎಲ್ಲಿದೆಯೆಂದು ಗೊತ್ತಿರುತ್ತದೆ. ಸಿಕ್ಕನ್ನು ಯಾರೂ ಹಾಕಿದ್ದಲ್ಲ, ತುದಿಯನ್ನು ಹುಡುಕುವುದೇ ಅರ್ಧ ಕೆಲಸ. ಒಗಟನ್ನೂ ಲೆಕ್ಕವನ್ನೂ ನಾವು ‘ಬಿಡಿಸುತ್ತೇವೆ’ ಎಂಬುದನ್ನು ಗಮನಿಸಿ. ಸಂಸ್ಕೃತದ ‘ಜಟಿಲ’ ಕೂಡ ಕೂದಲಿನಿಂದಲೇ ಹುಟ್ಟಿದ್ದು: ಜಟೆ ಉಳ್ಳದ್ದು ಜಟಿಲ. ನಮ್ಮ ‘ಜಡೆ’ ಅದೇ ಜಟೆಯ ತದ್ಭವ.

ಸಿಲುಕು ಇಂದಿನ ಬಳಕೆಯಲ್ಲಿ ಹೆಚ್ಚಾಗಿ ಕ್ರಿಯೆ, ಕೂದಲಿನಲ್ಲಿ ‘ಸಿಲುಕು’ ಇರುವುದಿಲ್ಲ. ಒಳಗೆ ಹೋಗಿದ್ದಾಗಿದೆ, ಹೊರಬರಲು ದಾರಿಯಿಲ್ಲ ಎಂಬ ಸ್ಥಿತಿ ಅದು: ಲಿಫ್ಟಿನಲ್ಲಿ, ಸಾಲದಲ್ಲಿ, ನೆರೆಯಲ್ಲಿ. ದೊರೆಯುವ ಅರ್ಥ ಇಂದಿನ ಬಳಕೆಯಲ್ಲಿ ಅದಕ್ಕೆ ಬಾರದು, ಹಾಗಾಗಿ ತಲೆಬರಹಕ್ಕೆ ಅದೇ ಸುರಕ್ಷಿತ. ತೊಡರುವುದು ಚಲಿಸುವುದಕ್ಕೆ: ನಡೆಯುತ್ತಿದ್ದಾಗ ಸೀರೆಯ ನಿರಿಗೆ ಕಾಲಿಗೆ ತೊಡರುತ್ತದೆ, ಹಗ್ಗ ಎತ್ತಿನ ಗೊರಸಿಗೆ ತೊಡರುತ್ತದೆ. ನಿಂತವರಿಗೆ ಏನೂ ತೊಡರದು. ತೊಡಕು ಈಗ ಹೆಚ್ಚಾಗಿ ಕಚೇರಿ, ಕಾನೂನಿನ ಮಾತು. ಎರಡು ಹಾವು ಒಂದನ್ನೊಂದು ಸುತ್ತಿಕೊಂಡರೆ ಅದು ಇವ್ಯಾವುದೂ ಅಲ್ಲ, ‘ತಳಕು ಹಾಕಿಕೊಂಡಿವೆ’.

ಇನ್ನೊಂದು ಮಾತು. ‘ಎರೆ ಹೊಲದ ಕೆಸರಿನಲ್ಲಿ ಸಿಲುಕಿದ ಟ್ರ್ಯಾಕ್ಟರ್’ ಎಂದು ಬರೆಯುವವರಿದ್ದಾರೆ. ತಪ್ಪೇನಲ್ಲ. ಆದರೆ ಗಾಲಿಯನ್ನು ಯಾವುದೂ ಸುತ್ತಿಲ್ಲ, ಅದು ತನ್ನ ಭಾರಕ್ಕೆ ತಾನೇ ಇಳಿದಿದೆ. ಅದಕ್ಕೆ ‘ಹೂತುಕೊಂಡ’ ಎಂಬ ಮಾತು ನಮ್ಮಲ್ಲಿದೆ, ಹೊಲದವರು ಅದನ್ನೇ ಆಡುತ್ತಾರೆ.