ಮಕ್ಕಳ ವಾರ್ಡಿನ ಹೊರಗೆ ನಿಂತ ಅಪ್ಪನಿಗೆ

ಪ್ರಿಯ ಓದುಗರೇ, ನಮಸ್ಕಾರ.

ಊರು, ಆಸ್ಪತ್ರೆ ಯಾವುದೆಂದು ಗೊತ್ತಾಗಬಾರದು ಅಂತ ನೀವು ಕೇಳಿಕೊಂಡಿದ್ದೀರಿ. ಹಾಗಾಗಿ ನಿಮ್ಮ ಕಾಗದವನ್ನು ಪೂರ್ತಿ ಅಚ್ಚು ಹಾಕುತ್ತಿಲ್ಲ. ಉಳಿದವರಿಗೆ ವಿಷಯ ತಿಳಿಯಬೇಕಲ್ಲ, ಅದಕ್ಕೆ ಇಷ್ಟು ಹೇಳುತ್ತೇನೆ. ನೀವು ದಕ್ಷಿಣ ಕೊಡಗಿನ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಮಳೆಗಾಲದಲ್ಲಿ ನಾಲ್ಕು ವರ್ಷದ ಮಗಳಿಗೆ ನ್ಯುಮೋನಿಯಾ ಆಯಿತು. ಹೆಂಡತಿ ಹಸಿ ಬಾಣಂತಿ. ಹಾಗಾಗಿ ಆಸ್ಪತ್ರೆಯಲ್ಲಿ ಮಗುವಿನ ಜೊತೆ ನಿಮ್ಮ ತಾಯಿ ನಿಂತರು. ಗಂಡಸರು ವಾರ್ಡಿನಲ್ಲಿ ಇರುವಂತಿಲ್ಲ ಅಂತ ನಿಮ್ಮನ್ನು ಹೊರಗೆ ಕಳಿಸಿದರು. ರಾತ್ರಿ ಡ್ರಿಪ್‌ಗೆ ಸೂಜಿ ಚುಚ್ಚುವಾಗ ಅಜ್ಜಿಯನ್ನೂ ಆಚೆ ನಿಲ್ಲಿಸಿದರು. ಮಗಳು "ಅಪ್ಪಾ" ಅಂತ ಕಿರುಚಿದ್ದು ವರಾಂಡದ ಬೆಂಚಿನ ಮೇಲಿದ್ದ ನಿಮಗೆ ಕೇಳಿಸಿತು. ಬೆಳಿಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರ್ ಹೇಳಿದ್ದನ್ನು ನಿಮ್ಮ ತಾಯಿ ನಿಮಗೆ ಹೀಗೆ ಹೇಳಿದರು: "ಏನೋ ಇನ್ನೂ ಮೇಲೆ ಬರಬೇಕಂತೆ, ಬಂದ್ಮೇಲೆ ಮನೆಗೆ ಕಳಿಸ್ತಾರಂತೆ." ಅದು ರಕ್ತದಲ್ಲಿರುವ ಆಕ್ಸಿಜನ್ ಮಟ್ಟ ಅಂತ ನಿಮಗೆ ತಿಳಿದದ್ದು ಮಾರನೇ ದಿನ.

ನೀವು ಕೇಳಿದ ಪ್ರಶ್ನೆ: "ನಾನು ಒಳಗಿದ್ದಿದ್ದರೆ ಅವರ ಕೆಲಸಕ್ಕೆ ಅಡ್ಡಿ ಆಗ್ತಿತ್ತಾ?"

ಇಲ್ಲ. ಕೆಲಸ ಸುಲಭವೇ ಆಗುತ್ತಿತ್ತು. ಮಗುವನ್ನು ಮಲಗಿಸಿ ಇಬ್ಬರು ಅದುಮಿ ಹಿಡಿದರೆ ಅದು ಇನ್ನಷ್ಟು ಕೊಸರಾಡುತ್ತದೆ. ಅಪ್ಪನ ತೊಡೆಯ ಮೇಲೆ ಎದೆಗೆ ಒರಗಿ ಕೂತಿದ್ದರೆ ಒಂದು ಕೈಯನ್ನು ಸಿಸ್ಟರ್‌ಗೆ ಬಿಟ್ಟುಕೊಡುವುದು ಅದಕ್ಕೂ ಅಷ್ಟು ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆ ಚುಚ್ಚುವಾಗಿನ ನೋವಿನ ಬಗ್ಗೆ ಹೇಳಿದ್ದೂ ಇದನ್ನೇ. ಹೆತ್ತವರು ಜೊತೆಗಿರಲಿ, ಚಿಕ್ಕ ಮಕ್ಕಳನ್ನು ಎತ್ತಿ ಹಿಡಿದುಕೊಂಡಿರಲಿ. "ನೋವೇ ಆಗಲ್ಲ ಪುಟ್ಟಾ" ಅಂತ ಮಾತ್ರ ಹೇಳಬೇಡಿ. "ಸ್ವಲ್ಪ ನೋಯುತ್ತೆ, ಬೇಗ ಮುಗಿಯುತ್ತೆ, ನಾನಿಲ್ಲೇ ಇದ್ದೀನಿ" ಅನ್ನಿ. ಒಮ್ಮೆ ಸುಳ್ಳು ಅಂತ ಗೊತ್ತಾದರೆ ಮುಂದಿನ ಸಲ ಮಗು ನಿಮ್ಮನ್ನೂ ನಂಬುವುದಿಲ್ಲ.

ಕಾಗದದ ಕೊನೆಯಲ್ಲಿ ನೀವು ಬರೆದ ಎರಡು ಸಾಲು ನನ್ನನ್ನು ಬಿಡುತ್ತಿಲ್ಲ. "ಎರಡನೇ ದಿನದಿಂದ ಅಳಲೇ ಇಲ್ಲ, ಎಷ್ಟು ಒಳ್ಳೇ ಮಗು" ಅಂತ ಸಿಸ್ಟರ್ ಹೊಗಳಿದರು. ಮನೆಗೆ ಹೊರಟ ದಿನ ಮಗಳು ನಿಮ್ಮ ಹತ್ತಿರ ಬರಲಿಲ್ಲ, ಮುಖ ತಿರುಗಿಸಿಕೊಂಡಳು.

ಎಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಇದೇ ಮಾತು ಕೇಳುತ್ತಿತ್ತು. ಅಪ್ಪ ಅಮ್ಮ ಬಂದು ಹೋದರೆ ಮಕ್ಕಳು ಜಾಸ್ತಿ ಅಳುತ್ತಾರೆ, ಅದಕ್ಕೆ ಬರದಿರುವುದೇ ಒಳ್ಳೆಯದು ಅನ್ನುತ್ತಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತರು ವಾರ್ಡಿನಲ್ಲಿ ಕೂತು ಮಕ್ಕಳನ್ನು ಗಮನಿಸಿದರು. ಮೊದಲು ಮಗು ಅತ್ತು ರಂಪ ಮಾಡುತ್ತದೆ. ಆಮೇಲೆ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ಅಮ್ಮ ಬಂದರೂ ಯಾರೋ ಬಂದಂತೆ ನೋಡುತ್ತದೆ. ವಾರ್ಡಿನವರು "ಹೊಂದಿಕೊಂಡಿತು" ಅನ್ನುತ್ತಿದ್ದದ್ದು ಈ ಮೌನವನ್ನೇ. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಎಂಬ ಶಸ್ತ್ರವೈದ್ಯರ ಅಧ್ಯಕ್ಷತೆಯ ಸಮಿತಿ, ಹೆತ್ತವರು ಯಾವಾಗ ಬೇಕಾದರೂ ಬರಲಿ, ಐದು ವರ್ಷದೊಳಗಿನ ಮಕ್ಕಳ ಜೊತೆ ತಾಯಿಯೂ ಉಳಿಯಲಿ ಅಂತ ಸರ್ಕಾರಕ್ಕೆ ವರದಿ ಕೊಟ್ಟಿತು. ವರದಿ ಬಂದ ಕೂಡಲೇ ಬಾಗಿಲು ತೆರೆಯಲಿಲ್ಲ. 1961ರಲ್ಲಿ ಲಂಡನ್ನಿನ ಅಮ್ಮಂದಿರು ಸೇರಿ ಒಂದು ಸಂಘ ಕಟ್ಟಿ, ಅದನ್ನು ಜಾರಿಗೆ ತನ್ನಿ ಅಂತ ಬೆನ್ನು ಹತ್ತಬೇಕಾಯಿತು.

ಆ ಮಕ್ಕಳ ಜೊತೆ ಮನೆಯವರು ಯಾರೂ ಇರಲಿಲ್ಲ, ನಿಮ್ಮ ಮಗಳಿಗೆ ಅಜ್ಜಿ ಇದ್ದರು. ಅದು ದೊಡ್ಡ ಆಸರೆ. ಈಗ ರಾತ್ರಿ ಬೆಚ್ಚಿ ಬೀಳಬಹುದು, ನಿಮ್ಮನ್ನು ದೂರ ಇಡಬಹುದು, ನಾಳೆ ಬಿಡದೆ ಅಂಟಿಕೊಳ್ಳಬಹುದು. ಬೈಯಬೇಡಿ, ಒತ್ತಾಯವೂ ಬೇಡ. ದಿನಾ ಅದೇ ಹೊತ್ತಿಗೆ ಅವಳ ಜೊತೆ ಕೂತು ಊಟ ಮಾಡಿ, ಆಟ ಆಡಿ. ಸಾಮಾನ್ಯವಾಗಿ ನಿಧಾನಕ್ಕೆ ಸರಿಹೋಗುತ್ತದೆ. ಕೆಲವು ವಾರ ಕಳೆದರೂ ಹಾಗೇ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಆಸ್ಪತ್ರೆಯವರ ಕಷ್ಟವನ್ನೂ ಹೇಳಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇಡೀ ವಾರ್ಡು ನೋಡಿಕೊಳ್ಳುವಾಗ, ಪ್ರತಿ ಹಾಸಿಗೆಯ ಸುತ್ತ ನಾಲ್ಕು ಜನ ನಿಂತರೆ ಅವರು ಏನು ಮಾಡಬೇಕು? ಪಕ್ಕದ ಹಾಸಿಗೆಯಲ್ಲಿ ಹಾಲೂಡಿಸುವ ತಾಯಿಗೂ ಮರೆ ಬೇಕು. ಒಪ್ಪೋಣ. ಆದರೆ ಅದಕ್ಕೆ ಬೇಕಿರುವುದು ಒಂದು ಪರದೆ. ಅಪ್ಪನನ್ನು ಗೇಟಿನಾಚೆ ಇಡಬೇಕಾಗಿಲ್ಲ.

ಸೋಂಕು ಬರುತ್ತದೆ ಅನ್ನುವುದು ಇನ್ನೊಂದು ಆಕ್ಷೇಪ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ, ಕಾಯಿಲೆ ಬಿದ್ದ ಹಸುಗೂಸುಗಳ ಘಟಕದೊಳಗೇ ಮನೆಯವರನ್ನು ಬಿಟ್ಟು, ಕೈ ತೊಳೆಯುವುದರಿಂದ ಹಿಡಿದು ಆರೈಕೆಯನ್ನೆಲ್ಲ ಕಲಿಸಿ ನೋಡಿದರು. ಸೋಂಕು ಹೆಚ್ಚಲಿಲ್ಲ. ಮನೆಗೆ ಹೋಗುವ ಹೊತ್ತಿಗೆ ಬರೀ ಎದೆಹಾಲು ಕುಡಿಯುವ ಮಕ್ಕಳು ಮಾತ್ರ ಜಾಸ್ತಿ ಇದ್ದರು. ಇಂಥ ಘಟಕಗಳಲ್ಲಿ ಮನೆಯವರನ್ನೂ ಸೇರಿಸಿಕೊಳ್ಳಿ ಅಂತ 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಮಾರ್ಗಸೂಚಿ ಹೊರಡಿಸಿದೆ. ಅಷ್ಟು ಎಳೆಯ ಕೂಸಿನ ಹತ್ತಿರ ಅಪ್ಪ ಅಮ್ಮ ಹೋಗಬಹುದಾದರೆ, ನಾಲ್ಕು ವರ್ಷದ ಹುಡುಗಿಯ ಹತ್ತಿರ ಯಾಕೆ ಹೋಗಬಾರದು?

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಮಗುವಿಗೆ ಎರವ ಬುಡಕಟ್ಟಿನ ಭಾಷೆ ಬಿಟ್ಟು ಬೇರೆ ಬರದೇ ಇರಬಹುದು. ಹೊಟ್ಟೆ ಎಲ್ಲಿ ನೋಯುತ್ತದೆ ಅಂತ ಅದು ಹೇಳಿದ್ದನ್ನು ಡಾಕ್ಟರಿಗೆ ಕನ್ನಡದಲ್ಲಿ ತಿಳಿಸುವವರು ಮನೆಯವರೇ. ಮಡಿಕೇರಿಯಿಂದ ಮೈಸೂರಿಗೆ ಕಳಿಸಿದರಂತೂ ನೂರು ಕಿಲೋಮೀಟರಿಗೂ ಮೇಲೆ. ಕೂಲಿ ಹೋಯಿತು, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲ. ಕೊನೆಗೆ ಅರ್ಧ ಚಿಕಿತ್ಸೆಯಲ್ಲೇ, ನಮ್ಮದೇ ಜವಾಬ್ದಾರಿ ಅಂತ ಬರೆದುಕೊಟ್ಟು ಹೊರಡುತ್ತಾರೆ. ಅವರಿಗೆ ತಿಳಿವಳಿಕೆ ಇಲ್ಲ ಅಂತ ಆಡಿಕೊಳ್ಳುವುದು ಅನ್ಯಾಯ. ಇನ್ನೆಷ್ಟು ದಿನ, ಯಾಕೆ ಅಂತ ಯಾರಾದರೂ ಪಕ್ಕದಲ್ಲಿ ಕೂತು ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಅಂತ ನಾನು ನಂಬಿದ್ದೇನೆ.

ದೂರು ಕೊಡಲು ಮನಸ್ಸಿಲ್ಲ, ನಾಳೆ ಅದೇ ಆಸ್ಪತ್ರೆಗೆ ಹೋಗಬೇಕು ಅಂದಿದ್ದೀರಿ. ಸರಿ, ದೂರು ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಆಸ್ಪತ್ರೆಯ ನಿರ್ವಹಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದಕ್ಕೊಂದು ಮನವಿ ಬರೆಯಿರಿ. ಅಪ್ಪನಿಗೂ ಒಂದು ಪಾಸ್ ಕೊಡಿ, ಹಾಸಿಗೆಗಳ ನಡುವೆ ಪರದೆ ಹಾಕಿಸಿ, ಸೂಜಿ ಚುಚ್ಚುವಾಗ ಮನೆಯವರೊಬ್ಬರು ಮಗುವನ್ನು ಹಿಡಿದುಕೊಳ್ಳಲಿ, ರೌಂಡ್ಸ್ ಹೊತ್ತಿಗೆ ನಮ್ಮನ್ನು ಕರೆಯಿರಿ. ಇಷ್ಟೇ ಸಾಕು. ನಿಮ್ಮ ತೋಟದ ಇನ್ನು ನಾಲ್ಕು ಜನ ಸಹಿ ಹಾಕಿದರೆ ನೀವೊಬ್ಬರೇ ಎದ್ದು ಕಾಣುವುದೂ ಇಲ್ಲ. ಕರಡು ನಮಗೆ ಕಳಿಸಿ, ನೋಡಿ ತಿದ್ದಿ ಕೊಡುತ್ತೇವೆ.

— ಸಂಪಾದಕ